ಹೊಟ್ಟೆಯಿಂದ ಇಳಿದು ಬಂದ ಅಂಗ: ಪುರುಷ ಸಂತಾನೋತ್ಪತ್ತಿ ವ್ಯೂಹದ ರಚನೆ ಮತ್ತು ಕೆಲಸ

(ಪದವಿಪೂರ್ವ ತರಗತಿಗಳ ಅಧ್ಯಾಪಕರು ಮತ್ತು ಪೋಷಕರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಚಿತ್ರ ತೋರಿಸಿ ಮುಂದೆ ಹೋದ ಕಡೆಗಳಲ್ಲಿ ಇಲ್ಲಿ ವಿವರಣೆ ಸೇರಿಸಿದ್ದೇನೆ.)

ಊರಿನ ಹೋರಿಯನ್ನು ನೋಡಿ ಬೆಳೆದವರಿಗೆ ವೃಷಣ ಎಲ್ಲಿರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬಂಡೀಪುರದಲ್ಲೋ ನಾಗರಹೊಳೆಯಲ್ಲೋ ಗಂಡಾನೆಯನ್ನು ಕಂಡವರು ಎಷ್ಟು ಹೊತ್ತು ನಿಂತು ನೋಡಿದರೂ ಅದರ ವೃಷಣವನ್ನು ಕಂಡಿರಲಾರರು, ಏಕೆಂದರೆ ಆನೆಯ ವೃಷಣಗಳು ಜೀವಮಾನವಿಡೀ ಹೊಟ್ಟೆಯೊಳಗೆ, ಮೂತ್ರಪಿಂಡಗಳ ಪಕ್ಕದಲ್ಲಿಯೇ ಉಳಿಯುತ್ತವೆ. ಹುಂಜದಲ್ಲಿಯೂ ತಿಮಿಂಗಿಲದಲ್ಲಿಯೂ ಅವು ಒಳಗೇ ಇವೆ. ಮನುಷ್ಯನನ್ನೂ ಸೇರಿಸಿ ಬಹುತೇಕ ಸಸ್ತನಿಗಳಲ್ಲಿ ಮಾತ್ರ ಅವು ಹೊಟ್ಟೆಯನ್ನು ಬಿಟ್ಟು ಕೆಳಗಿಳಿದು, ತೆಳುವಾದ ಚರ್ಮದ ಚೀಲವೊಂದರಲ್ಲಿ, ಎಲುಬಿನ ರಕ್ಷಣೆಯಾಗಲಿ ಕೊಬ್ಬಿನ ಹೊದಿಕೆಯಾಗಲಿ ಇಲ್ಲದೆ ನೇತಾಡುತ್ತವೆ. ಮಿದುಳಿಗೆ ತಲೆಬುರುಡೆಯನ್ನೂ ಹೃದಯಕ್ಕೆ ಪಕ್ಕೆಲುಬನ್ನೂ ಕೊಟ್ಟ ಶರೀರವು ವಂಶವನ್ನು ಮುಂದುವರಿಸುವ ಅಂಗವನ್ನು ಹೀಗೆ ಬಯಲಿಗೆ ಬಿಟ್ಟದ್ದೇಕೆ ಎಂಬ ಪ್ರಶ್ನೆಯಿಂದಲೇ ಇಂದಿನ ಮಾತನ್ನು ಆರಂಭಿಸುತ್ತೇನೆ. ಈ ವ್ಯೂಹದ ರಚನೆಯಲ್ಲಿ ವಿಚಿತ್ರವೆಂದು ತೋರುವ ಅನೇಕ ಸಂಗತಿಗಳು ಆ ಒಂದು ಇಳಿಯುವಿಕೆಯ ಗುರುತುಗಳೇ ಆಗಿವೆ.

ಗರ್ಭದಲ್ಲಿ ಆರನೆಯ ವಾರದವರೆಗೆ ಭ್ರೂಣದ ಜನನಗ್ರಂಥಿ ಹೆಣ್ಣಿನದೂ ಅಲ್ಲ, ಗಂಡಿನದೂ ಅಲ್ಲ. ಎರಡೂ ಆಗಬಲ್ಲ ಒಂದು ಮೊಳಕೆ ಮಾತ್ರ. ವೈ ಕ್ರೋಮೋಸೋಮಿನ ಮೇಲಿರುವ ಎಸ್‌ಆರ್‌ವೈ ಎಂಬ ಜೀನ್ ಏಳನೆಯ ವಾರದ ಸುಮಾರಿಗೆ ಕೆಲಸ ಆರಂಭಿಸಿದರೆ ಆ ಮೊಳಕೆ ವೃಷಣವಾಗುತ್ತದೆ. ಈ ಜೀನನ್ನು ವಿಜ್ಞಾನಿಗಳು ಗುರುತಿಸಿದ್ದು 1990ರಲ್ಲಿ. ತಾಯಿಯ ಅಂಡಾಣುವಿನಲ್ಲಿ ಎಂದಿಗೂ ಎಕ್ಸ್ ಕ್ರೋಮೋಸೋಮೇ ಇರುತ್ತದೆ. ತಂದೆಯ ವೀರ್ಯಾಣುಗಳಲ್ಲಿ ಅರ್ಧದಷ್ಟು ಎಕ್ಸ್ ಅನ್ನೂ ಉಳಿದರ್ಧ ವೈ ಅನ್ನೂ ಹೊತ್ತಿರುತ್ತವೆ. ಮೂರನೆಯದೂ ಹೆಣ್ಣೇ ಆಯಿತೆಂದು ಸೊಸೆಯನ್ನು ಹಂಗಿಸುವ ಅತ್ತೆಯಂದಿರು ಇನ್ನೂ ಇರುವ ನಾಡಿನಲ್ಲಿ, ಈ ವಿಷಯವನ್ನು ಜೀವಶಾಸ್ತ್ರದ ಪುಸ್ತಕದಿಂದ ಅಡುಗೆಮನೆಗೆ ತಲುಪಿಸುವ ಕೆಲಸ ಇನ್ನೂ ಮುಗಿದಿಲ್ಲ.

ಹೀಗೆ ಹುಟ್ಟಿದ ವೃಷಣವು ಮೊದಲು ಇರುವುದು ಆನೆಯಲ್ಲಿ ಇರುವ ಜಾಗದಲ್ಲಿಯೇ, ಅಂದರೆ ಮೂತ್ರಪಿಂಡದ ಸಮೀಪ. ಅಲ್ಲಿಂದ ಅದು ನಿಧಾನವಾಗಿ ಕೆಳಗೆ ಸರಿದು, ಗರ್ಭದ ಏಳು, ಎಂಟನೆಯ ತಿಂಗಳ ಹೊತ್ತಿಗೆ ತೊಡೆಸಂದಿನ ಕಿರಿದಾದ ಓಣಿಯೊಂದರ ಮೂಲಕ ಹೊಟ್ಟೆಯ ಗೋಡೆಯನ್ನು ದಾಟಿ ಚೀಲವನ್ನು ಸೇರುತ್ತದೆ. ಊರು ಬಿಟ್ಟು ಬಂದವರು ತವರಿನ ನಂಟನ್ನು ಉಳಿಸಿಕೊಳ್ಳುವಂತೆ, ವೃಷಣವೂ ತನ್ನ ಹಳೆಯ ನಂಟುಗಳನ್ನು ಕಡಿದುಕೊಳ್ಳುವುದಿಲ್ಲ. ಅದಕ್ಕೆ ರಕ್ತ ತರುವ ಅಪಧಮನಿಯು ಪಕ್ಕದ ತೊಡೆಯ ರಕ್ತನಾಳದಿಂದ ಕವಲೊಡೆಯದೆ, ಮೂತ್ರಪಿಂಡಗಳ ಮಟ್ಟದಲ್ಲಿ ಮಹಾಪಧಮನಿಯಿಂದ ಹೊರಟು ಹೊಟ್ಟೆಯ ಉದ್ದಕ್ಕೂ ಇಳಿದು ಬರುತ್ತದೆ. ನರಗಳೂ ಅಲ್ಲಿಂದಲೇ ಬರುತ್ತವೆ. ಮೂತ್ರಪಿಂಡದ ಕಲ್ಲು ಸರಿಯುವಾಗ ನೋವು ವೃಷಣದವರೆಗೆ ಹರಿಯುವುದಕ್ಕೂ, ಕ್ರಿಕೆಟ್ ಚೆಂಡು ವೃಷಣಕ್ಕೆ ತಗುಲಿದವನು ಹೊಟ್ಟೆ ಹಿಡಿದುಕೊಂಡು ಕುಳಿತುಬಿಡುವುದಕ್ಕೂ ಕಾರಣ ಈ ಹಳೆಯ ನಂಟು. ವೈದ್ಯಕೀಯ ವಿದ್ಯಾರ್ಥಿಗಳಿಗೆ ನಾನು ಹೇಳುವುದುಂಟು: ಹುಡುಗನೊಬ್ಬ ಹೊಟ್ಟೆನೋವೆಂದು ಬಂದರೆ ಅವನ ಚಡ್ಡಿಯ ಲಾಡಿ ಬಿಚ್ಚಿ ನೋಡದೆ ಪರೀಕ್ಷೆ ಮುಗಿಯಿತೆಂದು ಬರೆಯಬೇಡಿ.

ಎಲ್ಲ ಮಕ್ಕಳಲ್ಲಿಯೂ ಈ ಇಳಿಯುವಿಕೆ ಪೂರ್ಣವಾಗುವುದಿಲ್ಲ. ದಿನ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಒಂದು ಅಥವಾ ಎರಡೂ ವೃಷಣಗಳು ದಾರಿಯಲ್ಲಿ ನಿಂತಿರುತ್ತವೆ; ದಿನ ತುಂಬದೆ ಹುಟ್ಟಿದವರಲ್ಲಿ ಇದು ಇನ್ನೂ ಬಹಳ ಹೆಚ್ಚು. ಮೊದಲ ಕೆಲವು ತಿಂಗಳಲ್ಲಿ ಹೆಚ್ಚಿನವು ತಾವಾಗಿಯೇ ಇಳಿಯುತ್ತವೆ. ಆರು ತಿಂಗಳಾದರೂ ಇಳಿಯದಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಒಂದು, ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಂದ ಅದನ್ನು ಚೀಲಕ್ಕೆ ತಂದು ಕೂರಿಸಬೇಕು, ಇಲ್ಲವಾದರೆ ಮುಂದೆ ವೀರ್ಯಾಣುಗಳ ಉತ್ಪಾದನೆ ಕುಗ್ಗುವುದಲ್ಲದೆ ಆ ವೃಷಣದಲ್ಲಿ ಕ್ಯಾನ್ಸರ್ ಬರುವ ಸಂಭವವೂ ಏರುತ್ತದೆ. ನಮ್ಮ ಮನೆಗಳಲ್ಲಿ ಇದನ್ನು ಮೊದಲು ಗಮನಿಸಬಲ್ಲವರು ವೈದ್ಯರಲ್ಲ, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಯರು. ಬಿಸಿನೀರು ಬಿದ್ದಾಗ ಚೀಲ ಸಡಿಲಗೊಂಡಿರುತ್ತದೆ. ಎರಡೂ ಬದಿ ತುಂಬಿದೆಯೇ ಎಂದು ನೋಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ.

ವೃಷಣ ದಾಟಿಹೋದ ಓಣಿ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಅದರ ಮೂಲಕ ಕರುಳಿನ ಮಡಿಕೆ ಇಳಿಯಬಹುದು, ಇದು ಹರ್ನಿಯಾ. ನೀರು ಇಳಿದು ನಿಲ್ಲಬಹುದು, ಇದು ಹೈಡ್ರೋಸೀಲ್. ಹಳ್ಳಿಯ ಮಾತಿನಲ್ಲಿ ಎರಡಕ್ಕೂ ಅಂಡವಾಯು ಎಂಬ ಒಂದೇ ಹೆಸರು ಸಲ್ಲುವುದರಿಂದ ಗೊಂದಲವಾಗುತ್ತದೆ. ದೊಡ್ಡವರಲ್ಲಿ ಹೈಡ್ರೋಸೀಲ್ ಬರಲು ಬೇರೆ ಕಾರಣಗಳಿವೆ. ನಮ್ಮ ಕರಾವಳಿಯಲ್ಲಿಯೂ ಕಲಬುರಗಿ, ಬೀದರ್, ಯಾದಗಿರಿಗಳ ಕಡೆಯಲ್ಲಿಯೂ ಬಹುಕಾಲ ಕಾಡಿದ ಆನೆಕಾಲು ರೋಗದ ಹುಳುಗಳು ಗಂಡಸರಲ್ಲಿ ವೃಷಣದ ಸುತ್ತಲಿನ ದುಗ್ಧನಾಳಗಳಲ್ಲಿ, ಅಂದರೆ ಅಂಗಾಂಶಗಳ ನೀರನ್ನು ರಕ್ತಕ್ಕೆ ಮರಳಿಸುವ ನಾಳಗಳಲ್ಲಿ, ನೆಲೆಸಿ ಚೀಲವನ್ನು ಊದಿಸುತ್ತವೆ. ಕಾಲು ಊದಿದವನನ್ನು ಊರು ಗುರುತಿಸುತ್ತದೆ. ಪಂಚೆಯೊಳಗೆ ಅದೇ ರೋಗವನ್ನು ಹೊತ್ತವನು ಹೊಲದ ಕೆಲಸವನ್ನೂ ಬಸ್ ಪ್ರಯಾಣವನ್ನೂ ಬಿಟ್ಟು ಮನೆಯಲ್ಲಿ ಕುಳಿತುಬಿಡುತ್ತಾನೆ. ಅದನ್ನು ಸಾಧಾರಣ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು.

ಇನ್ನು ಮೊದಲ ಪ್ರಶ್ನೆಗೆ ಬರೋಣ. ವೃಷಣ ಹೊರಗೆ ಬಂದದ್ದು ತಂಪಿಗಾಗಿ ಎಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಮನುಷ್ಯನಲ್ಲಿ ವೀರ್ಯಾಣುಗಳು ಸರಿಯಾಗಿ ತಯಾರಾಗಲು ಶರೀರದ ಉಷ್ಣತೆಗಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಕಡಿಮೆ ಬೇಕು. ಆನೆ, ಹಕ್ಕಿಗಳಲ್ಲಿ ಒಳಗಿನ ಬಿಸಿಯಲ್ಲಿಯೇ ಈ ಕೆಲಸ ನಡೆಯುವುದರಿಂದ, ತಂಪು ಬೇಕಾದ್ದರಿಂದ ವೃಷಣ ಇಳಿಯಿತೋ, ಇಳಿದ ಮೇಲೆ ತಂಪಿಗೆ ಒಗ್ಗಿತೋ ಎಂಬ ವಾದ ಜೀವವಿಜ್ಞಾನಿಗಳಲ್ಲಿ ನಿಂತಿಲ್ಲ. ನನಗಂತೂ ಎರಡನೆಯದನ್ನು ಸುಲಭವಾಗಿ ತಳ್ಳಿಹಾಕಲಾಗದು ಅನ್ನಿಸುತ್ತದೆ. ಹೇಗಿದ್ದರೂ ಈಗಿನ ಏರ್ಪಾಡು ಬಲು ಅಚ್ಚುಕಟ್ಟಾದುದು. ಚೀಲದ ಚರ್ಮದ ಕೆಳಗೆ ಕೊಬ್ಬಿಲ್ಲ, ಬೆವರಿನ ಗ್ರಂಥಿಗಳು ಧಾರಾಳವಾಗಿವೆ. ಚರ್ಮಕ್ಕೆ ಅಂಟಿದ ತೆಳು ಸ್ನಾಯುಪದರವೊಂದು ಚಳಿಯಲ್ಲಿ ಚೀಲವನ್ನು ಸುಕ್ಕುಗಟ್ಟಿಸಿ ಮೇಲೆಳೆಯುತ್ತದೆ, ಸೆಕೆಯಲ್ಲಿ ಸಡಿಲ ಬಿಡುತ್ತದೆ. ಹೊಟ್ಟೆಯ ಗೋಡೆಯಿಂದ ಇಳಿದು ಬಂದ ಇನ್ನೊಂದು ಸ್ನಾಯು ವೃಷಣವನ್ನೇ ಮೇಲಕ್ಕೂ ಕೆಳಕ್ಕೂ ಸರಿಸುತ್ತದೆ. ಇವೆಲ್ಲಕ್ಕಿಂತ ಸೊಗಸಾದುದು ರಕ್ತನಾಳಗಳ ಹೆಣಿಗೆ. ಹೊಟ್ಟೆಯಿಂದ ಬಿಸಿರಕ್ತ ತರುವ ಅಪಧಮನಿಯ ಸುತ್ತ, ವೃಷಣದಿಂದ ತಣ್ಣನೆಯ ರಕ್ತವನ್ನು ಮರಳಿ ಒಯ್ಯುವ ಅಭಿಧಮನಿಗಳು ಬಳ್ಳಿಯಂತೆ ಹಬ್ಬಿಕೊಂಡಿರುತ್ತವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ಕೊಟ್ಟು ತಣಿದು ಬರುತ್ತದೆ. ಈ ಬಳ್ಳಿಗಳು ಹಿಗ್ಗಿ ಗಂಟುಗಂಟಾಗುವುದನ್ನು ವೆರಿಕೋಸೀಲ್ ಎನ್ನುತ್ತಾರೆ. ಸುಮಾರು 15 ಶೇಕಡ ಗಂಡಸರಲ್ಲಿ ಕಾಣುವ ಇದು ಹೆಚ್ಚಾಗಿ ಎಡಗಡೆಯೇ ಬರುತ್ತದೆ, ಏಕೆಂದರೆ ಎಡ ವೃಷಣದ ಅಭಿಧಮನಿ ಎಡ ಮೂತ್ರಪಿಂಡದ ಅಭಿಧಮನಿಯನ್ನು ಲಂಬಕೋನದಲ್ಲಿ ಸೇರುತ್ತದೆ ಮತ್ತು ಅಲ್ಲಿ ಒತ್ತಡ ಹೆಚ್ಚು. ಎಡ ವೃಷಣ ಬಲಕ್ಕಿಂತ ತುಸು ಕೆಳಗಿರುವುದು ಮಾತ್ರ ಕಾಯಿಲೆಯಲ್ಲ. ಬಹಳ ಮಂದಿಯಲ್ಲಿ ಹಾಗೆಯೇ ಇರುತ್ತದೆ.

ನೇತಾಡುವ ವಸ್ತು ತಿರುಚಿಕೊಳ್ಳಬಹುದು ಎಂಬುದೇ ಈ ಏರ್ಪಾಡಿನ ದೊಡ್ಡ ಅಪಾಯ. ಹೆಚ್ಚಾಗಿ 12ರಿಂದ 18ರ ವಯಸ್ಸಿನ ಹುಡುಗರಲ್ಲಿ, ಕೆಲವೊಮ್ಮೆ ನಿದ್ದೆಯಲ್ಲಿಯೇ, ವೃಷಣವು ತನ್ನ ಬಳ್ಳಿಯ ಮೇಲೆ ತಿರುಚಿಕೊಂಡು ರಕ್ತ ನಿಂತುಹೋಗುತ್ತದೆ. ಒಮ್ಮೆಲೇ ತೀವ್ರ ನೋವು, ವಾಕರಿಕೆ, ವಾಂತಿ. ಸುಮಾರು ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸಕರು ಅದನ್ನು ಬಿಡಿಸಿದರೆ ಹೆಚ್ಚಿನವರಲ್ಲಿ ವೃಷಣ ಉಳಿಯುತ್ತದೆ. ಒಂದು ದಿನ ಕಳೆದರೆ ಉಳಿಯುವುದು ಅಪರೂಪ. ವೃತ್ತಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ ಕಾಯಿಲೆ. ಊರು ದೂರವೆಂಬ ಕಾರಣಕ್ಕೆ ತಡವಾದದ್ದಕ್ಕಿಂತ, ರಾತ್ರಿಯಿಡೀ ನೋವು ನುಂಗಿ, ಬೆಳಿಗ್ಗೆ ಅಮ್ಮನಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ, ಓಮದ ಕಷಾಯ ಕುಡಿದು ಮಧ್ಯಾಹ್ನದವರೆಗೆ ಮಲಗಿದ್ದ ಹುಡುಗರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಆ ಅಂಗಕ್ಕೆ ಅವರ ಮನೆಯಲ್ಲಿ ಹೇಳಬಹುದಾದ ಹೆಸರೇ ಇರಲಿಲ್ಲ.

ಇನ್ನು ವೃಷಣದ ಒಳಗೆ ಹೋಗೋಣ. ಪ್ರಾಯದ ಗಂಡಸಿನಲ್ಲಿ ಅದು ನಾಲ್ಕೈದು ಸೆಂಟಿಮೀಟರ್ ಉದ್ದದ, ಗಟ್ಟಿಯಾದ ಬಿಳಿ ಕವಚದೊಳಗಿರುವ ಅಂಡಾಕಾರದ ಗ್ರಂಥಿ. ಕೊಯ್ದು ನೋಡಿದರೆ ಒಳಗಿನ ತಿರುಳು ನೂಲಿನ ಉಂಡೆಯಂತೆ ಬಿಚ್ಚಿಕೊಳ್ಳುತ್ತದೆ, ಏಕೆಂದರೆ ಅದು ಸಣ್ಣ ಸಣ್ಣ ನಾಳಗಳ ಗಂಟೇ. ಸುಮಾರು ಇನ್ನೂರೈವತ್ತು ಕೋಣೆಗಳಲ್ಲಿ ಸುತ್ತಿಟ್ಟ ಈ ನಾಳಗಳನ್ನೆಲ್ಲ ಬಿಡಿಸಿ ಜೋಡಿಸಿದರೆ ನೂರಾರು ಮೀಟರ್ ಆಗುತ್ತದೆ. ನಾಳದ ಗೋಡೆಯಲ್ಲಿ ಹೊರಗಿನಿಂದ ಒಳಗೆ ಸರಿಯುತ್ತ ಮೂಲಕೋಶಗಳು ವೀರ್ಯಾಣುಗಳಾಗುತ್ತವೆ. 46 ಕ್ರೋಮೋಸೋಮುಗಳ ಕೋಶವು ಎರಡು ಬಾರಿ ವಿಭಜನೆಗೊಂಡು 23ರ ನಾಲ್ಕು ಕೋಶಗಳಾಗುತ್ತದೆ. ಆಮೇಲೆ ದುಂಡಗಿದ್ದ ಕೋಶವು ತನ್ನ ದ್ರವವನ್ನೆಲ್ಲ ಕಳಚಿ, ತಲೆ, ನಡು, ಬಾಲಗಳ ರೂಪ ತಾಳುತ್ತದೆ. ತಲೆಯಲ್ಲಿ ತಂದೆಯ ಪಾಲಿನ ಜೀನ್‌ಗಳು, ಅದರ ಮೇಲೆ ಟೊಪ್ಪಿಗೆಯಂತೆ ಅಂಡಾಣುವಿನ ಹೊದಿಕೆಯನ್ನು ಕರಗಿಸುವ ಕಿಣ್ವಗಳ ಚೀಲ, ನಡುವಿನಲ್ಲಿ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳ ಸುರುಳಿ. ಇಡೀ ವೀರ್ಯಾಣುವಿನ ಉದ್ದ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಇದನ್ನು ಮೊದಲು ವರ್ಣಿಸಿ ಬರೆದವರು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲ್ಯೂವೆನ್‌ಹುಕ್. 1677ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸುವಾಗ ಅವರು ಈ ವಿಷಯ ವಿದ್ವಾಂಸರಿಗೆ ಅಸಹ್ಯವೆನಿಸಿದರೆ ಪ್ರಕಟಿಸದೆ ಬಿಡಬಹುದೆಂದು ವಿನಂತಿಸಿದ್ದರು. ಸಂಕೋಚ ನಮ್ಮೊಬ್ಬರದೇ ಅಲ್ಲ.

ಬೆಳೆಯುತ್ತಿರುವ ವೀರ್ಯಾಣುಗಳನ್ನು ಸಾಕುವುದು ಸರ್ಟೋಲಿ ಕೋಶಗಳು. ಇಟಲಿಯ ಎನ್ರಿಕೊ ಸರ್ಟೋಲಿ ಇವುಗಳನ್ನು ವರ್ಣಿಸಿದ್ದು 1865ರಲ್ಲಿ. ಇವು ಆಹಾರ ಒದಗಿಸುವುದರ ಜೊತೆಗೆ ಕೈ ಕೈ ಹಿಡಿದು ನಿಂತಂತೆ ಒಂದು ಗೋಡೆಯನ್ನೂ ಕಟ್ಟುತ್ತವೆ. ಈ ಗೋಡೆ ಏಕೆ ಬೇಕೆಂದರೆ, ಮಗುವಿನ ರೋಗನಿರೋಧಕ ವ್ಯವಸ್ಥೆಯು ತನ್ನವರು ಯಾರೆಂದು ಕಲಿಯುವ ಕಾಲದಲ್ಲಿ ವೀರ್ಯಾಣುಗಳು ಇರುವುದೇ ಇಲ್ಲ. ಪ್ರಾಯಕ್ಕೆ ಬಂದಾಗ ಹೊಸದಾಗಿ ಕಾಣಿಸಿಕೊಳ್ಳುವ ಅವುಗಳನ್ನು ರಕ್ತದ ಕಾವಲುಗಾರರು ಕಂಡರೆ ಹೊರಗಿನವರೆಂದು ತಿಳಿದು ದಾಳಿ ಮಾಡಿಯಾರು.

ಮೂಲಕೋಶವೊಂದು ವೀರ್ಯಾಣುವಾಗಲು ಸುಮಾರು 74 ದಿನ ಬೇಕು, ಆಮೇಲೆ ಹೊರದಾರಿಯಲ್ಲಿ ಹಣ್ಣಾಗಲು ಇನ್ನೂ ಒಂದೆರಡು ವಾರ. ಇಂದಿನ ಉಪನ್ಯಾಸದಿಂದ ಒಂದೇ ಅಂಕಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಇಂದು ಲ್ಯಾಬಿಗೆ ಕೊಟ್ಟ ವೀರ್ಯವು ಸುಮಾರು ಮೂರು ತಿಂಗಳ ಹಿಂದಿನಿಂದ ನಡೆದು ಬಂದ ಕಥೆಯನ್ನು ಹೇಳುತ್ತದೆ. ದೀಪಾವಳಿಯ ಹೊತ್ತಿಗೆ ಬಂದ ಡೆಂಗ್ಯೂ ಜ್ವರ ಸಂಕ್ರಾಂತಿಯ ಹೊತ್ತಿನ ವರದಿಯಲ್ಲಿ ಸಂಖ್ಯೆ ತಗ್ಗಿಸಿ ತೋರಿಸಬಹುದು. ಹಾಗೆಯೇ ತಂಬಾಕು ಬಿಟ್ಟವನು ಹದಿನೈದು ದಿನಕ್ಕೆ ಫಲ ಕಾಣಲಿಲ್ಲವೆಂದು ನಿರಾಶನಾಗಬೇಕಾಗಿಲ್ಲ. ಜೊತೆಗೆ ಈ ಕೆಲಸ ನಿಲ್ಲುವುದೂ ಇಲ್ಲ: ಆರೋಗ್ಯವಂತ ಗಂಡಸಿನಲ್ಲಿ ಸೆಕೆಂಡಿಗೆ ಸಾವಿರದ ಆಸುಪಾಸಿನಲ್ಲಿ ವೀರ್ಯಾಣುಗಳು ತಯಾರಾಗುತ್ತವೆ. ಹುಟ್ಟುವಾಗಲೇ ಅಂಡಾಣುಗಳ ಗಂಟನ್ನು ಕಟ್ಟಿಕೊಂಡು ಬರುವ ಹೆಣ್ಣಿನ ದೇಹಕ್ಕೂ ಪ್ರಾಯದಿಂದ ಮುಪ್ಪಿನವರೆಗೆ ಹೊಸದಾಗಿ ಮಾಡುತ್ತಲೇ ಇರುವ ಗಂಡಿನ ದೇಹಕ್ಕೂ ಇರುವ ಮುಖ್ಯ ಭೇದ ಇದು.

ನಾಳಗಳ ನಡುವಿನ ಸಂದುಗಳಲ್ಲಿ ಲೈಡಿಗ್ ಕೋಶಗಳಿವೆ. ಟೆಸ್ಟೋಸ್ಟೆರಾನ್ ಹಾರ್ಮೋನು ಹೊರಡುವುದು ಅವುಗಳಿಂದ. ಅದರ ಪರಿಣಾಮ ನಮ್ಮ ರೈತರಿಗೆ ಪುಸ್ತಕವಿಲ್ಲದೆ ಗೊತ್ತಿತ್ತು. ಬೀಜ ಒಡೆಸಿದ ಹೋರಿ ಎತ್ತಾಗುತ್ತದೆ: ಕೊರಳು ದಪ್ಪವಾಗುವುದಿಲ್ಲ, ಹಿಣಿಲು ಏರುವುದಿಲ್ಲ, ಹಾಯುವ ಬುದ್ಧಿ ತಗ್ಗಿ ನೊಗಕ್ಕೆ ಒಗ್ಗುತ್ತದೆ. ಈ ಬದಲಾವಣೆ ನರಗಳ ಮೂಲಕವಲ್ಲ, ರಕ್ತದ ಮೂಲಕ ಆಗುತ್ತದೆಂದು ತೋರಿಸಿದವರು ಜರ್ಮನಿಯ ಗಟಿಂಗೆನ್ನಿನ ಆರ್ನೋಲ್ಡ್ ಬರ್ಟೋಲ್ಡ್. 1849ರಲ್ಲಿ ಅವರು ಎಳೆಯ ಹುಂಜಗಳ ವೃಷಣಗಳನ್ನು ತೆಗೆದು, ಕೆಲವಕ್ಕೆ ಅವನ್ನು ಹೊಟ್ಟೆಯಲ್ಲಿ ಬೇರೆ ಕಡೆ ಕಸಿ ಮಾಡಿದರು. ನರಗಳ ನಂಟಿಲ್ಲದಿದ್ದರೂ ಕಸಿಯಾದ ಹುಂಜಗಳ ಜುಟ್ಟು ಕೆಂಪಾಗಿ ಬೆಳೆಯಿತು, ಅವು ಕೂಗಿದವು, ಕಾದಾಡಿದವು. ಆ ವಸ್ತುವನ್ನು ಪ್ರತ್ಯೇಕಿಸಿ ಟೆಸ್ಟೋಸ್ಟೆರಾನ್ ಎಂದು ಹೆಸರಿಟ್ಟದ್ದು 1935ರಲ್ಲಿ.

ಈ ಕಾರ್ಖಾನೆಯ ಹಿಡಿತ ಮಿದುಳಿನಲ್ಲಿದೆ. ಮಿದುಳಿನ ತಳದಲ್ಲಿರುವ ಹೈಪೋಥಲಮಸ್ ಎಂಬ ಭಾಗವು ಒಂದೂವರೆ, ಎರಡು ಗಂಟೆಗೊಮ್ಮೆ ಮಿಡಿತದಂತೆ ಒಂದು ಹಾರ್ಮೋನನ್ನು ಬಿಡುತ್ತದೆ. ಅದಕ್ಕೆ ಓಗೊಟ್ಟು ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಕಳಿಸುತ್ತದೆ. ಮೊದಲನೆಯದು ಲೈಡಿಗ್ ಕೋಶಗಳನ್ನೂ ಎರಡನೆಯದು ಸರ್ಟೋಲಿ ಕೋಶಗಳನ್ನೂ ಕೆಲಸಕ್ಕೆ ಹಚ್ಚುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟಾದಾಗ ಮಿದುಳು ಕೈ ತಡೆಯುತ್ತದೆ. ಇದನ್ನು ಅರಿಯದೆ ಈಚೆಗೆ ಜಿಮ್ಮುಗಳಲ್ಲಿ ಹುಡುಗರು ಮಾಡಿಕೊಳ್ಳುತ್ತಿರುವ ಅನಾಹುತವನ್ನು ಹೇಳಲೇಬೇಕು. ಮೈಕಟ್ಟಿಗೆಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡರೆ ರಕ್ತದಲ್ಲಿ ಅದು ತುಂಬಿ ತುಳುಕುವುದರಿಂದ ಮಿದುಳು ವೃಷಣಕ್ಕೆ ಕೊಡುವ ಆಜ್ಞೆಯನ್ನು ನಿಲ್ಲಿಸಿಬಿಡುತ್ತದೆ. ವೃಷಣದ ಒಳಗೆ ರಕ್ತಕ್ಕಿಂತ ಹತ್ತಾರು ಪಟ್ಟು ಹೆಚ್ಚು ಇರಬೇಕಾದ ಟೆಸ್ಟೋಸ್ಟೆರಾನ್ ಕುಸಿದು ವೀರ್ಯಾಣುಗಳ ತಯಾರಿ ನಿಲ್ಲುತ್ತದೆ, ವೃಷಣ ಕುಗ್ಗುತ್ತದೆ. ಹೊರಗಿನಿಂದ ಗಂಡಸುತನದ ಪ್ರತಿಮೆಯಂತೆ ಕಾಣುವವನ ವೀರ್ಯದಲ್ಲಿ ಒಂದು ವೀರ್ಯಾಣುವೂ ಸಿಗದಿರಬಹುದು. ಬಿಟ್ಟ ಮೇಲೆ ಸಾಮಾನ್ಯವಾಗಿ ಚೇತರಿಕೆ ಇದೆ, ಆದರೆ ಅದಕ್ಕೆ ತಿಂಗಳುಗಳು, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ.

ವೃಷಣದಿಂದ ಹೊರಬಿದ್ದ ವೀರ್ಯಾಣುವಿಗೆ ಈಜಲು ಬರುವುದಿಲ್ಲ. ವೃಷಣದ ಹಿಂಬದಿಗೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಒಂದೇ ನಾಳ, ಬಿಡಿಸಿದರೆ ಆರು ಮೀಟರ್ ಉದ್ದದ್ದು, ಅದರ ಶಾಲೆ. ಅಲ್ಲಿ ದಿನಗಟ್ಟಲೆ ಸಾಗುತ್ತ ಅದು ಚಲನೆಯನ್ನು ಕಲಿಯುತ್ತದೆ, ಆ ನಾಳದ ಬಾಲದಂತಹ ಕೆಳತುದಿಯಲ್ಲಿ ಕಾಯುತ್ತದೆ. ಹೊರಗೆ ಹೋಗದೆ ಉಳಿದ ಹಳೆಯ ವೀರ್ಯಾಣುಗಳನ್ನು ದೇಹ ಅಲ್ಲಿಯೇ ಕರಗಿಸಿ ಹೀರಿಕೊಳ್ಳುತ್ತದೆ. ಮುಂದೆ ವೀರ್ಯನಾಳ, ಹುರಿಹಗ್ಗದಂತೆ ಕೈಗೆ ಗಟ್ಟಿಯಾಗಿ ಸಿಗುವ, ದಪ್ಪ ಸ್ನಾಯುಗೋಡೆಯ ಕೊಳವೆ. ಚೀಲದಿಂದ ಮೂತ್ರನಾಳಕ್ಕೆ ಅಂಗೈಯಷ್ಟು ದೂರವಿದ್ದರೂ ಇದು ತೊಡೆಸಂದಿನ ಓಣಿಯಿಂದ ಹೊಟ್ಟೆಯನ್ನು ಹೊಕ್ಕು, ಮೂತ್ರಪಿಂಡದಿಂದ ಇಳಿಯುವ ನಾಳದ ಮೇಲಿಂದ ಬಳಸಿ, ಮೂತ್ರಕೋಶದ ಬೆನ್ನ ಹಿಂದೆ ಇಳಿದು ಪ್ರಾಸ್ಟೇಟ್ ಗ್ರಂಥಿಯೊಳಗೆ ತೆರೆದುಕೊಳ್ಳುತ್ತದೆ. ಈ ಸುತ್ತುದಾರಿಯೂ ವೃಷಣದ ಹಳೆಯ ಪಯಣದ ಗುರುತೇ: ಮೇಲಿನಿಂದ ಇಳಿದವನು ತನ್ನ ಹಗ್ಗವನ್ನು ಎಳೆದುಕೊಂಡೇ ಬಂದ.

ಗಂಡಸರ ಸಂತಾನಹರಣ ಚಿಕಿತ್ಸೆಯಲ್ಲಿ, ಅಂದರೆ ವ್ಯಾಸೆಕ್ಟಮಿಯಲ್ಲಿ, ಕತ್ತರಿಸುವುದು ಈ ಹಗ್ಗವನ್ನು, ಅದೂ ಚೀಲದ ಚರ್ಮದ ಕೆಳಗೆ ಅದು ಸುಲಭವಾಗಿ ಸಿಗುವ ಕಡೆ. ಚೀನಾದ ಲೀ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದ ಕತ್ತಿಯಿಲ್ಲದ ವಿಧಾನದಲ್ಲಿ ಚರ್ಮಕ್ಕೆ ಒಂದು ಸಣ್ಣ ತೂತು ಸಾಕು, ಹೊಲಿಗೆಯೂ ಬೇಡ. ಹಾರ್ಮೋನು ಹೋಗುವುದು ರಕ್ತದಲ್ಲಿ, ಹಾಗಾಗಿ ಗಡ್ಡಮೀಸೆಗಾಗಲಿ ಲೈಂಗಿಕ ಶಕ್ತಿಗಾಗಲಿ ಹೊಲದ ಕೆಲಸಕ್ಕಾಗಲಿ ಇದರಿಂದ ಏನೂ ಆಗುವುದಿಲ್ಲ. ವೀರ್ಯದ ಪ್ರಮಾಣವೂ ಕಣ್ಣಿಗೆ ಕಾಣುವಷ್ಟು ಇಳಿಯುವುದಿಲ್ಲ. ದಾರಿಯಲ್ಲಿ ಉಳಿದವು ತೀರುವವರೆಗೆ ಮೂರು ತಿಂಗಳು ಬೇರೆ ಎಚ್ಚರಿಕೆ ಬೇಕು, ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಖಚಿತವಾಗಬೇಕು. ಇಷ್ಟು ಸುಲಭದ ಚಿಕಿತ್ಸೆಯನ್ನು 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೆಚ್ಚಿರುವ ದಂಪತಿಗಳು ಶೇಕಡ 0.3 ಮಾತ್ರ, ಹೊಟ್ಟೆ ತೆರೆಯಬೇಕಾದ ಹೆಂಗಸರ ಶಸ್ತ್ರಚಿಕಿತ್ಸೆಯನ್ನು ನೆಚ್ಚಿದವರು ಶೇಕಡ 37.9. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ, ಬಹಳ ಕಡೆ ಬಲವಂತದಿಂದ, ಇದನ್ನು ಮಾಡಿದ ಭೀತಿ ಇನ್ನೂ ಆರಿಲ್ಲ. 1930ರಲ್ಲಿಯೇ ಸರ್ಕಾರದ ವತಿಯಿಂದ ಜನನ ನಿಯಂತ್ರಣದ ಚಿಕಿತ್ಸಾಲಯ ತೆರೆದ ಮೈಸೂರು ಸಂಸ್ಥಾನದ ವಾರಸುದಾರರಾದ ನಾವೂ ಈ ವಿಷಯದಲ್ಲಿ ಭಾರವನ್ನು ಹೆಂಗಸರ ಮೇಲೆಯೇ ಹೊರಿಸಿದ್ದೇವೆ.

ವೀರ್ಯದ ಪ್ರಮಾಣ ಇಳಿಯುವುದಿಲ್ಲ ಎಂದೆ. ಕಾರಣ, ವೀರ್ಯದಲ್ಲಿ ವೃಷಣದ ಕೊಡುಗೆ ನೂರಕ್ಕೆ ಐದರಷ್ಟು ಮಾತ್ರ. ಸುಮಾರು ಮೂರರಲ್ಲಿ ಎರಡು ಪಾಲು ಮೂತ್ರಕೋಶದ ಹಿಂದಿರುವ ಜೋಡಿ ವೀರ್ಯಕೋಶಗಳಿಂದ ಬರುತ್ತದೆ. ಅವುಗಳ ದ್ರವದಲ್ಲಿ ವೀರ್ಯಾಣುಗಳಿಗೆ ಆಹಾರವಾಗುವ ಫ್ರಕ್ಟೋಸ್ ಸಕ್ಕರೆ ಮತ್ತು ವೀರ್ಯವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳಿವೆ. ಉಳಿದ ಹೆಚ್ಚಿನ ಪಾಲು ಮೂತ್ರಕೋಶದ ಕೊರಳನ್ನು ಸುತ್ತುವರಿದಿರುವ, ಬೆಟ್ಟದ ನೆಲ್ಲಿಕಾಯಿ ಗಾತ್ರದ ಪ್ರಾಸ್ಟೇಟಿನದು. ಅದರ ಪಿಎಸ್‌ಎ ಎಂಬ ಕಿಣ್ವ ಹೆಪ್ಪನ್ನು ಅರ್ಧ ಗಂಟೆಯೊಳಗೆ ಮತ್ತೆ ನೀರಾಗಿಸಿ ವೀರ್ಯಾಣುಗಳನ್ನು ಬಿಡುಗಡೆ ಮಾಡುತ್ತದೆ. ವಯಸ್ಸಾದವರು ರಕ್ತದಲ್ಲಿ ಅಳೆಸಿಕೊಳ್ಳುವ ಪಿಎಸ್‌ಎ ಇದೇ. ಬಟಾಣಿ ಗಾತ್ರದ ಇನ್ನೆರಡು ಗ್ರಂಥಿಗಳು ಮೊದಲೇ ಅಂಟಾದ ಹನಿಗಳನ್ನು ಸುರಿಸಿ, ಮೂತ್ರದ ಆಮ್ಲ ಉಳಿದ ದಾರಿಯನ್ನು ತೊಳೆದಿಡುತ್ತವೆ. ಸ್ಖಲನದ ವೇಳೆ ಮೂತ್ರಕೋಶದ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುವುದರಿಂದ ಒಂದೇ ಕೊಳವೆಯಲ್ಲಿ ಮೂತ್ರವೂ ವೀರ್ಯವೂ ಬೆರೆಯುವುದಿಲ್ಲ.

ಇಲ್ಲಿ ನಮ್ಮ ಹುಡುಗರನ್ನು ತಲೆಮಾರುಗಳಿಂದ ಹೆದರಿಸಿರುವ ಒಂದು ಲೆಕ್ಕವನ್ನು ಎತ್ತಿಕೊಳ್ಳಬೇಕು. ನಲವತ್ತು ಹನಿ ರಕ್ತದಿಂದ ಒಂದು ಹನಿ ಮಜ್ಜೆ, ನಲವತ್ತು ಹನಿ ಮಜ್ಜೆಯಿಂದ ಒಂದು ಹನಿ ವೀರ್ಯ ಎಂಬುದು ಆ ಲೆಕ್ಕ. ಧಾತು ಹೋಗುತ್ತಿದೆ, ಅದಕ್ಕೇ ಸುಸ್ತು, ಅದಕ್ಕೇ ಕಣ್ಣು ಗುಳಿ ಬಿದ್ದಿದೆ ಎಂದು ಬರುವ ಯುವಕರ ಈ ಕಳವಳಕ್ಕೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ವೀರ್ಯ ರಕ್ತದಿಂದ ಬಟ್ಟಿಯಿಳಿಸಿದ ಸಾರವಲ್ಲ, ಮೇಲೆ ಹೇಳಿದ ಗ್ರಂಥಿಗಳ ಸ್ರಾವ, ಬಹುಪಾಲು ನೀರು; ಒಂದು ಸಲದ ಮೂರು ಮಿಲಿಲೀಟರಿನಲ್ಲಿರುವ ಪ್ರೋಟೀನು ಒಂದು ಟೀ ಚಮಚ ಹಾಲಿನಲ್ಲಿರುವುದಕ್ಕಿಂತ ಹೆಚ್ಚೇನೂ ಅಲ್ಲ. ಮೂತ್ರದಲ್ಲಿ ಬೆಳ್ಳಗೆ ಹೋಗುವುದು ಬಹಳ ಸಲ ಫಾಸ್ಫೇಟ್ ಲವಣವಷ್ಟೇ. ನಿದ್ದೆಯಲ್ಲಿ ಸ್ಖಲನವಾಗುವುದು ಪ್ರಾಯದ ಸಹಜ ಲಕ್ಷಣ. ಆದರೂ ಬಸ್‌ನಿಲ್ದಾಣದ ಗೋಡೆಗಳ ಮೇಲೆ ನರದೌರ್ಬಲ್ಯ, ಗುಪ್ತರೋಗ ಎಂದು ಬರೆಸುವವರ ವ್ಯಾಪಾರ ನಿಂತಿರುವುದು ಆ ನಲವತ್ತರ ಲೆಕ್ಕದ ಮೇಲೆಯೇ. ಸುಸ್ತಿರುವ ಹುಡುಗನಿಗೆ ರಕ್ತಹೀನತೆಯೋ ಖಿನ್ನತೆಯೋ ನಿದ್ದೆಗೇಡೋ ಇದ್ದರೆ ಅದನ್ನು ನೋಡುವವರು ಯಾರೂ ಇರುವುದಿಲ್ಲ.

ವೀರ್ಯ ಪರೀಕ್ಷೆಯ ವರದಿ ಹಿಡಿದು ಬರುವ ದಂಪತಿಗಳಿಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿಗಳ ಪ್ರಕಾರ ಪ್ರಮಾಣ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣುಗಳು, ಚಲಿಸುವವು ಶೇಕಡ 42, ಸರಿಯಾದ ಆಕಾರದವು ಶೇಕಡ 4. ಕೊನೆಯ ಅಂಕಿಯನ್ನು ಕಂಡು ಗಾಬರಿಯಾಗದವರು ಕಡಿಮೆ. ನೂರಕ್ಕೆ ತೊಂಬತ್ತಾರು ವೀರ್ಯಾಣುಗಳು ವಕ್ರವಾಗಿದ್ದರೂ ಅದು ಸಾಮಾನ್ಯವೇ. ಮನುಷ್ಯನಲ್ಲಿ ಈ ಕೋಶದ ತಯಾರಿ ಸಂಖ್ಯೆಯಲ್ಲಿ ಧಾರಾಳ, ನಯದಲ್ಲಿ ಒರಟು. ಈ ಮಿತಿಗಳು ಬಂದದ್ದು ಒಂದು ವರ್ಷದೊಳಗೆ ತಂದೆಯಾದ ಗಂಡಸರ ವರದಿಗಳಿಂದ. ಅದಕ್ಕಿಂತ ಕೆಳಗಿದ್ದವರೂ ತಂದೆಯಾಗಿದ್ದಾರೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ಹೀಗಿರುವಾಗ ಹೆಂಡತಿಗೆ ನಾಲ್ಕು ಊರಿನಲ್ಲಿ ಸ್ಕ್ಯಾನಿಂಗ್, ಹರಕೆ, ಲ್ಯಾಪರೋಸ್ಕೋಪಿ ಎಲ್ಲ ಮುಗಿದ ಮೇಲೆ ಗಂಡನಿಗೆ ಕೆಲವು ನೂರು ರೂಪಾಯಿಯ ಈ ಪರೀಕ್ಷೆ ಮಾಡಿಸುವುದು ಮೂರ್ಖತನ.

ಶಿಶ್ನದ ರಚನೆಯ ಬಗ್ಗೆ ಹೇಳಬೇಕಾದ್ದು ಹೆಚ್ಚಿಲ್ಲ. ನಾಯಿಯಲ್ಲಿರುವಂತೆ ನಮ್ಮಲ್ಲಿ ಅದಕ್ಕೆ ಎಲುಬಿಲ್ಲ. ಮೇಲೆ ಎರಡು, ಕೆಳಗೆ ಮೂತ್ರನಾಳವನ್ನು ಸುತ್ತಿದ ಒಂದು, ಹೀಗೆ ಸ್ಪಂಜಿನಂತಹ ಮೂರು ಕಂಬಗಳಿವೆ. ಮಿದುಳಿನಿಂದಲೋ ಸ್ಪರ್ಶದಿಂದಲೋ ಸೂಚನೆ ಬಂದಾಗ ನರಗಳ ತುದಿಯಿಂದ ನೈಟ್ರಿಕ್ ಆಕ್ಸೈಡ್ ಅನಿಲ ಹೊರಟು ರಕ್ತನಾಳಗಳ ಸ್ನಾಯು ಸಡಿಲಗೊಳ್ಳುತ್ತದೆ, ರಕ್ತ ನುಗ್ಗಿ ಸ್ಪಂಜು ಉಬ್ಬುತ್ತದೆ, ಉಬ್ಬಿದ ಸ್ಪಂಜು ಹೊರಗಿನ ಗಟ್ಟಿ ಕವಚಕ್ಕೆ ಒತ್ತಿ ರಕ್ತ ಮರಳುವ ಅಭಿಧಮನಿಗಳನ್ನು ಹಿಸುಕಿ ಮುಚ್ಚುತ್ತದೆ. ನೈಟ್ರಿಕ್ ಆಕ್ಸೈಡಿನ ಸಂದೇಶವಾಹಕ ಗುಣವನ್ನು ಕಂಡವರಿಗೆ 1998ರ ನೊಬೆಲ್ ಸಂದಿತು. ಹೃದಯದ ಎದೆನೋವಿಗೆಂದು ಪರೀಕ್ಷಿಸಿದ್ದ ಸಿಲ್ಡೆನಾಫಿಲ್ ಇದೇ ಕೊಂಡಿಯ ಮೇಲೆ ಕೆಲಸ ಮಾಡುತ್ತದೆಂದು ತಿಳಿದು ನಿಮಿರು ದೌರ್ಬಲ್ಯಕ್ಕೆ ಮದ್ದಾಗಿ ಬಂದದ್ದೂ ಅದೇ ವರ್ಷ. ಹೃದಯಕ್ಕಾಗಿ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಬರಬಹುದು. ಅಂಗಡಿಯಲ್ಲಿ ಪಿಸುಗುಟ್ಟಿ ಕೊಳ್ಳುವ ಮದ್ದಲ್ಲ ಇದು.

ಶಿಶ್ನದ ಅಪಧಮನಿಗಳು ಹೃದಯದವಕ್ಕಿಂತ ಸಣ್ಣವು. ಸಕ್ಕರೆ ಕಾಯಿಲೆ, ಧೂಮಪಾನ, ಕೊಬ್ಬುಗಳಿಂದ ನಾಳಗಳು ಕಟ್ಟತೊಡಗಿದಾಗ ಮೊದಲು ಬತ್ತುವುದು ಸಣ್ಣ ಕಾಲುವೆ. ನಲವತ್ತೈದರ ಗಂಡಸಿಗೆ ನಿಮಿರುವಿಕೆ ನಿಧಾನವಾಗಿ ಕುಂದುತ್ತ ಬಂದರೆ ಅದು ಕೆಲವು ವರ್ಷಗಳ ನಂತರ ಬರಲಿರುವ ಹೃದಯಾಘಾತದ ಮುನ್ಸೂಚನೆಯೂ ಆಗಿರಬಹುದು. ಬೆಳಗಿನ ಜಾವ ನಿಮಿರುವಿಕೆ ಎಂದಿನಂತೆ ಇದ್ದು ಬೇಕಾದಾಗ ಮಾತ್ರ ಆಗದಿದ್ದರೆ ಕಾರಣ ಹೆಚ್ಚಾಗಿ ಮನಸ್ಸಿನಲ್ಲಿರುತ್ತದೆ, ನಾಳಗಳಲ್ಲಿ ಅಲ್ಲ. ಪ್ರಾಸ್ಟೇಟ್ ಮುಪ್ಪಿನಲ್ಲಿ ಬೆಳೆದು ಮೂತ್ರದ ಧಾರೆಯನ್ನು ಸಣ್ಣಗೊಳಿಸುವ ವಿಷಯ ಸಭೆಯ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತಿರುವುದರಿಂದ ಅದನ್ನು ಬೆಳೆಸುವುದಿಲ್ಲ; ಮೂತ್ರದಲ್ಲಿ ರಕ್ತ ಕಂಡರೆ ವಯಸ್ಸಿನ ಮೇಲೆ ಹಾಕದೆ ತೋರಿಸಿಕೊಳ್ಳಿ ಎಂದಷ್ಟೇ ಹೇಳುತ್ತೇನೆ.

ಉಪನ್ಯಾಸದ ನಂತರ ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆಗಳನ್ನು ಕೇಳಿದ್ದೆ. ಒಂದರಲ್ಲಿ ತಾಯಿಯೊಬ್ಬರು, ಮಗನಿಗೆ ಹನ್ನೊಂದು ವರ್ಷ, ಇದನ್ನೆಲ್ಲ ಯಾವಾಗ ಹೇಳಬೇಕು ಎಂದು ಬರೆದಿದ್ದರು. ಗಂಡುಮಕ್ಕಳಲ್ಲಿ ಪ್ರಾಯದ ಮೊದಲ ಗುರುತು ಮೀಸೆಯಲ್ಲ, ದನಿ ಒಡೆಯುವುದೂ ಅಲ್ಲ, ವೃಷಣ ದೊಡ್ಡದಾಗುವುದು. ಒಂಬತ್ತರಿಂದ ಹದಿನಾಲ್ಕರ ನಡುವೆ ಯಾವಾಗಲಾದರೂ ಅದು ಆರಂಭವಾಗುತ್ತದೆ, ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಹನ್ನೊಂದು ಬೇಗ ಅಲ್ಲ. ಎಲ್ಲವನ್ನೂ ಒಂದೇ ದಿನ ಹೇಳಬೇಕಾಗಿಯೂ ಇಲ್ಲ. ರಾತ್ರಿ ಬಟ್ಟೆ ಒದ್ದೆಯಾದರೆ ಅದು ಕಾಯಿಲೆಯಲ್ಲವೆಂದು ಅವನಿಗೆ ಮೊದಲೇ ಗೊತ್ತಿರಲಿ. ವೃಷಣ ಎಂಬ ಪದವನ್ನು ನಿಮ್ಮ ಬಾಯಿಂದ ಒಮ್ಮೆ ಕೇಳಿರಲಿ. ಅಲ್ಲಿ ಜೋರಾಗಿ ನೋವು ಬಂದರೆ, ಗಂಟೆ ಎಷ್ಟೇ ಆಗಿರಲಿ, ಬೆಳಗಾಗುವವರೆಗೆ ಕಾಯದೆ ನಿಮ್ಮನ್ನು ಎಬ್ಬಿಸಬೇಕೆಂದು ಹೇಳಿಡಿ.